ಪಿಯು ಮುಗಿಸಿ ನರ್ಸಿಂಗ್ ಸೇರುವವರ ಗಮನಕ್ಕೆ (ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು)

ಬಿ.ಎಸ್ಸಿ ನರ್ಸಿಂಗ್ 4 ವರ್ಷ, ಪಿಸಿಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ) ಜೊತೆ ಇಂಗ್ಲಿಷ್ ಓದಿರಬೇಕು. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) 3 ವರ್ಷ; ಆರ್ಟ್ಸ್, ಕಾಮರ್ಸ್‌ನವರಿಗೂ ಅವಕಾಶವಿದೆ. ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿದರೆ ಡಿಗ್ರಿ ಸಿಗುತ್ತದೆ. ಆದರೆ ಒಟ್ಟು 5 ವರ್ಷ ಆಯಿತಲ್ಲ? ಸೈನ್ಸ್ ಓದಿದ್ದರೆ ನೇರ ಬಿ.ಎಸ್ಸಿಯೇ ಲೇಸು. ಬಿ.ಎಸ್ಸಿ ಸರ್ಕಾರಿ ಸೀಟು ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ. ಸಿಇಟಿ ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದ ಕಾಲಂ ಬಿಟ್ಟರೆ ಆ ಮೀಸಲಾತಿ ಕೈತಪ್ಪುತ್ತದೆ.

ಕಾಲೇಜಿನ ಬೋರ್ಡ್ ನೋಡಿ ದುಡ್ಡು ಕಟ್ಟಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸೇರಿದ ಕಾಲೇಜಾದರೆ ವಿವಿಯ ಈ ವರ್ಷದ ಸಂಯೋಜನೆ (ಅಫಿಲಿಯೇಷನ್) ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಪ್ರಾಕ್ಟಿಕಲ್ಸ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ಬೆಡ್ ಎಂದು ಕೇಳಿ. ಕಟ್ಟಡ ಚೆನ್ನಾಗಿದ್ದು ರೋಗಿಗಳೇ ಇಲ್ಲದಿದ್ದರೆ ಕ್ಯಾನುಲಾ (ಡ್ರಿಪ್ ಕೊಡಲು ನರಕ್ಕೆ ಹಾಕುವ ಕೊಳವೆ) ಹಾಕುವುದನ್ನೂ ಕೆಲಸಕ್ಕೆ ಸೇರಿದ ಮೇಲೆ ಕಲಿಯಬೇಕಾಗುತ್ತದೆ.

ಗಡಿಯವರು ಕುಪ್ಪಂ, ಹಿಂದೂಪುರದ ಕಡೆ ಓದಿದರೆ ನರ್ಸ್ ಆಗಿ ನೋಂದಣಿ ಆಂಧ್ರದ ನರ್ಸಿಂಗ್ ಕೌನ್ಸಿಲ್‌ನಲ್ಲಾಗುತ್ತದೆ. ಇಲ್ಲಿ ಕೆಲಸಕ್ಕೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಮತ್ತೆ ನೋಂದಾಯಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಬೇರೆ ಬೇರೆ ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲ ವರ್ಷದಲ್ಲೇ ಸರಿಪಡಿಸಿಕೊಳ್ಳಿ.

ಮೊದಲ ಕೆಲಸ ಹುಡುಕುವಾಗ ಸಂಬಳವೊಂದನ್ನೇ ನೋಡಬೇಡಿ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿ ಪರೀಕ್ಷೆಯಾದ ನಾರ್ಸೆಟ್‌ಗೆ ಜಿಎನ್‌ಎಂನವರಿಗೆ ಕನಿಷ್ಠ 50 ಬೆಡ್ ಆಸ್ಪತ್ರೆಯ 2 ವರ್ಷದ ಅನುಭವ ಬೇಕು, ಬಿ.ಎಸ್ಸಿಯವರಿಗೆ ಬೇಡ. ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಬಿಡುವಾಗ ಅನುಭವ ಪತ್ರದಲ್ಲಿ ಸೇರಿದ, ಬಿಟ್ಟ ದಿನಾಂಕ, ಬೆಡ್ ಸಂಖ್ಯೆ, ವಾರ್ಡ್ ಬರೆಸಿಕೊಳ್ಳಿ. ಇಷ್ಟು ಸಮಯ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಕೇಳಿದರೆ ಓದಿ ಸಹಿ ಮಾಡಿ, ಮೂಲ ಅಂಕಪಟ್ಟಿ ಮಾತ್ರ ಕೊಡಬೇಡಿ.