ಸ್ಪ್ರಿಂಗ್ ಥೀಮ್ ಬೇಬಿ ಶವರ್ ನಾನು ಹೇಗೆ ಪ್ಲಾನ್ ಮಾಡ್ದೆ

ಸ್ಪ್ರಿಂಗ್ ಥೀಮ್ ಬೇಕು ಅಂತ ಕೇಳಿದ್ದು ನನ್ನ ನಾದಿನಿನೇ. ಬೇಬಿ ಶವರ್ ಮಾಡೋದಾದ್ರೆ ವಸಂತದ ಥರ ಇರ್ಲಿ ಅತ್ತಿಗೆ ಅಂದ್ಲು, ನಾನೂ ಹ್ಞೂ ಅಂದ್ಬಿಟ್ಟೆ. ಆಮೇಲೆ ಐಡಿಯಾಗೆ ಅಂತ ಹುಡುಕಕ್ಕೆ ಕೂತ್ರೆ ಎಲ್ಲಾ ಕಡೆ ಅದೇ ಪೇಪರ್ ಚಿಟ್ಟೆ, ಅದೇ ಪಿಂಕ್ ಬಲೂನಿನ ಕಮಾನು, ಅದೇ ಪ್ಲಾಸ್ಟಿಕ್ ಹೂವಿನ ಗೋಡೆ. ಫೋಟೋದಲ್ಲಿ ಚೆನ್ನಾಗೇ ಕಾಣತ್ತೆ, ಇಲ್ಲ ಅನ್ನಲ್ಲ. ಆದ್ರೆ ತುಂಬು ಬಸುರಿ ಅಷ್ಟು ಹೊತ್ತು ಎಲ್ಲಿ ಕೂತಿದ್ಲು, ಬೆನ್ನಿಗೆ ಏನಿತ್ತು, ಬಾತ್‌ರೂಮ್ ಎಷ್ಟು ದೂರ ಇತ್ತು ಅನ್ನೋದು ಆ ಫೋಟೋಗಳಲ್ಲಿ ಎಲ್ಲೂ ಕಾಣಲ್ಲ. ನಾನು ಪ್ಲಾನ್ ಶುರು ಮಾಡಿದ್ದು ಅಲ್ಲಿಂದಾನೇ. ಮೊದಲು ಅವಳು ಕೂರೋ ಜಾಗ, ಆಮೇಲೆ ಅಲ್ಲಿ ಕೂತ್ರೆ ಕಣ್ಣಿಗೆ ಮೂಗಿಗೆ ಏನೇನು ಬೀಳತ್ತೆ ಅನ್ನೋದು, ಅದೆಲ್ಲ ಆದ್ಮೇಲೆ ಅಲಂಕಾರ.

ಡೇಟ್ ವಿಷ್ಯ ಜಾಸ್ತಿ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ. 28ರಿಂದ 34ನೇ ವಾರದ ಒಳಗೆ ಮುಗಿಸಿದ್ರೆ ಒಳ್ಳೇದು, ಹೊಟ್ಟೆನೂ ಕಾಣ್ತಿರತ್ತೆ, ಅವಳಿಗೂ ಓಡಾಡಕ್ಕೆ ಇನ್ನೂ ಶಕ್ತಿ ಇರತ್ತೆ. 36, 37ನೇ ವಾರಕ್ಕೆ ಇಟ್ಕೊಂಡ್ರೆ ಮಗು ಮೊದಲೇ ಬಂದು ನೆಂಟರು ಆಮೇಲೆ ಬರೋ ಹಾಗೆ ಆಗ್ಬೋದು. ಸ್ಪ್ರಿಂಗ್ ಅಂದ್ರೆ ಉತ್ತರ ಗೋಳಾರ್ಧದಲ್ಲಿ ಮಾರ್ಚ್‌ನಿಂದ ಮೇ, ದಕ್ಷಿಣದಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್. ನಮ್ದು ಏಪ್ರಿಲ್‌ಗೆ ಸರಿ ಹೋಯ್ತು, ಆಗ ಅವಳಿಗೆ 31 ವಾರ. ಇನ್ವಿಟೇಶನ್ ಐದು ವಾರ ಮುಂಚೆ ಕಳಿಸಿ, ಬರ್ತೀರೋ ಇಲ್ವೋ ಹೇಳಿ ಅಂತ ಒಂದು ಕೊನೇ ತಾರೀಕು ಅದ್ರಲ್ಲೇ ಹಾಕಿದ್ದೆ. ತಾರೀಕು ಹಾಕ್ದೆ ಹೋದ್ರೆ ಜನ ಹಿಂದಿನ ರಾತ್ರಿವರೆಗೂ ನೋಡೋಣ ನೋಡೋಣ ಅಂತಾನೇ ಇರ್ತಾರೆ.

ಕುರ್ಚಿ. ಆ ನವಿಲುಗರಿ ಥರ ಬೆನ್ನು ಹರಡಿರೋ ಬೆತ್ತದ ಕುರ್ಚಿ ಬಾಡಿಗೆಗೆ ತರೋಣ ಅಂತ ಎಲ್ರೂ ಹೇಳಿದ್ರು, ನಾನು ಬೇಡ ಅಂದೆ, ಯಾಕಂದ್ರೆ ಅದ್ರಲ್ಲಿ ಕೂತ್ರೆ ಆಳಕ್ಕೆ ಹೋಗ್ಬಿಡ್ತೀವಿ, ಎದ್ದೇಳಕ್ಕೆ ಇಬ್ರು ಕೈ ಕೊಡ್ಬೇಕು. ಬದಲಿಗೆ ಗಟ್ಟಿ ಸೀಟಿರೋ, ಎರಡೂ ಕಡೆ ಕೈ ಇರೋ ಊಟದ ಮೇಜಿನ ಕುರ್ಚಿನೇ ತಗೊಂಡು ಸೊಂಟಕ್ಕೆ ಒಂದು ದಿಂಬು, ಕಾಲಿಗೆ ಒಂದು ಮಣೆ ಎತ್ತರದ ಸ್ಟೂಲ್ ಇಟ್ಟೆ. ಆ ತಿಂಗಳಲ್ಲಿ ಕಾಲು ಇಳಿಬಿಟ್ಕೊಂಡು ಜಾಸ್ತಿ ಹೊತ್ತು ಕೂತ್ರೆ ಪಾದ ಊದ್ಕೊಳ್ಳತ್ತೆ, ಸ್ಟೂಲ್ ಇದ್ರೆ ಎಷ್ಟೋ ವಾಸಿ. ಕುರ್ಚಿಯ ಹಿಂದೆ ಎಲೆ ಹಸಿರು ಬಟ್ಟೆ ಇಳಿಬಿಟ್ಟು ಮೇಲಿಂದ ಕೊಂಬೆ ಕಟ್ಟಿದ್ವಿ, ಫೋಟೋದಲ್ಲಿ ಯಾರಿಗೂ ಅದು ಡೈನಿಂಗ್ ಕುರ್ಚಿ ಅಂತ ಗೊತ್ತಾಗ್ಲಿಲ್ಲ. ಪ್ರೋಗ್ರಾಮ್‌ಗೆ ಮುಂಚೆ ನಾನೇ ಹೋಗಿ ಆ ಜಾಗದಲ್ಲಿ ಸುಮ್ನೆ ಕೂತು ನೋಡ್ದೆ. ಮಧ್ಯಾಹ್ನದ ಬಿಸಿಲು ಸೀದಾ ಕಣ್ಣಿಗೆ ಹೊಡೀತಿತ್ತು, ಹಾಗಾಗಿ ಕುರ್ಚಿನ ಕಿಟಕಿಗೆ ಓರೆಯಾಗಿ ತಿರುಗಿಸಿದ್ವಿ. ಬೆಳಕು ಪಕ್ಕದಿಂದ ಬಂದ್ರೆ ಫೋಟೋನೂ ಚೆನ್ನಾಗಿ ಬರತ್ತೆ.

ಈಗ ಹೂವು, ನಂಗೆ ತುಂಬಾ ಇಷ್ಟ ಆದ ಕೆಲಸ. ಇಲ್ಲಿ ನಾನು ಇಟ್ಕೊಂಡಿದ್ದ ರೂಲ್ ಏನಂದ್ರೆ ಕಣ್ಣಿಗಿಂತ ಮೊದಲು ಮೂಗು. ಬಸುರಿಯರಿಗೆ ವಾಸನೆ ವಿಪರೀತ ತಾಗತ್ತೆ, ಮೊದಲ ಮೂರು ತಿಂಗಳು ಮಾತ್ರ ಅಂದ್ಕೊಂಡಿರ್ತೀವಿ, ಕೆಲವರಿಗೆ ಕೊನೇವರೆಗೂ ಇರತ್ತೆ. ಹಾಗಾಗಿ ಹಿಂದಿನ ವಾರ ಒಂದೊಂದು ಥರದ್ದು ಒಂದೊಂದು ಕಡ್ಡಿ ತಂದು ಅವಳ ರೂಮಲ್ಲಿ ಇಟ್ಟು ನೋಡಿದ್ವಿ. ಹಯಸಿಂತ್ ಅನ್ನೋ ಘಮ ಜಾಸ್ತಿ ಇರೋ ಹೂವು ಇಟ್ಟು ಹತ್ತು ನಿಮಿಷ ಆಗಿರ್ಲಿಲ್ಲ, "ಅತ್ತಿಗೆ, ಇದನ್ನ ಹೊರಗೆ ಇಡಿ, ತಲೆ ಸುತ್ತತ್ತೆ" ಅಂದ್ಲು. ಪಕ್ಕದಲ್ಲಿದ್ದ ನಮ್ಮ ಅತ್ತೆಗೆ ಅದೇ ಹೂವು ಎಷ್ಟು ಇಷ್ಟ ಆಯ್ತಂದ್ರೆ ತಮ್ಮ ರೂಮಿಗೆ ಎತ್ಕೊಂಡು ಹೋದ್ರು. ಲಿಲ್ಲಿನೂ ಬೇಡ ಅಂತ ತೀರ್ಮಾನ ಆಯ್ತು, ಅದಕ್ಕೆ ವಾಸನೆ ಒಂದೇ ಕಾರಣ ಅಲ್ಲ, ನಾದಿನಿ ಮನೇಲಿ ಬೆಕ್ಕಿದೆ. ಲಿಲ್ಲಿ ಹೂವಿನ ಪುಡಿ ಮೈಗೆ ಅಂಟಿ ಬೆಕ್ಕು ಅದನ್ನ ನೆಕ್ಕಿದ್ರೂ ಸಾಕು ಕಿಡ್ನಿ ಹೋಗ್ಬಿಡತ್ತೆ, ಮತ್ತೆ ಫಂಕ್ಷನ್ ಮುಗಿದ್ಮೇಲೆ ಹೂವೆಲ್ಲ ಹೋಗೋದು ಅವಳ ಮನೆಗೇ ತಾನೆ. ಕೊನೆಗೆ ಉಳಿದಿದ್ದು ಟ್ಯುಲಿಪ್, ಡ್ಯಾಫೋಡಿಲ್, ರನನ್‌ಕ್ಯುಲಸ್, ಜೊತೆಗೆ ಒಂದಿಷ್ಟು ಮೊಗ್ಗಿನ ಕೊಂಬೆ. ಈ ಹೂವೇ ಆಗ್ಬೇಕು ಅಂತೇನಿಲ್ಲ, ನೀವಿರೋ ಕಡೆ ಆ ತಿಂಗಳಲ್ಲಿ ತಾನಾಗಿ ಏನು ಅರಳತ್ತೋ ಅದೇ ನಿಜವಾದ ಸ್ಪ್ರಿಂಗ್ ಥೀಮ್, ಅದೇ ಅಗ್ಗ ಕೂಡ.

ಎರಡು ವಿಷ್ಯ ಗೊತ್ತಿದ್ರೆ ಹೂವಿನ ಕೆಲಸ ಸಲೀಸು. ಡ್ಯಾಫೋಡಿಲ್ ಕತ್ತರಿಸಿದ ಜಾಗದಿಂದ ಒಂದು ಥರ ಲೋಳೆ ಬರತ್ತೆ, ಅದು ಅದೇ ನೀರಲ್ಲಿರೋ ಬೇರೆ ಹೂಗಳನ್ನ, ಅದ್ರಲ್ಲೂ ಟ್ಯುಲಿಪ್‌ನ, ಬೇಗ ಬಾಡಿಸತ್ತೆ. ಅದಕ್ಕೆ ಡ್ಯಾಫೋಡಿಲ್ ಮಾತ್ರ ಬೇರೆ ಬಕೆಟ್‌ನಲ್ಲಿ ಒಂದು ರಾತ್ರಿ ಪೂರ್ತಿ ಬಿಟ್ಟು, ಬೆಳಿಗ್ಗೆ ಮತ್ತೆ ಕಡ್ಡಿ ಕತ್ತರಿಸ್ದೇನೇ ಜೋಡಿಸಿದೆ, ಕತ್ತರಿಸಿದ್ರೆ ಲೋಳೆ ಮತ್ತೆ ಶುರು. ಇನ್ನು ಟ್ಯುಲಿಪ್ ನೋಡಿ, ಕಿತ್ತ ಮೇಲೂ ಬೆಳೀತಾನೇ ಇರತ್ತೆ, ಬೆಳಕಿದ್ದ ಕಡೆ ಬಗ್ಗತ್ತೆ, ರಾತ್ರಿ ನೆಟ್ಟಗೆ ಜೋಡಿಸಿಟ್ಟಿದ್ದು ಬೆಳಿಗ್ಗೆ ನೋಡಿದ್ರೆ ಎಲ್ಲಾ ಕಿಟಕಿ ಕಡೆ ಕತ್ತು ಚಾಚ್ಕೊಂಡು ನಿಂತಿರತ್ತೆ. ಮೊದಲೇ ಗೊತ್ತಿದ್ರಿಂದ ನಾನು ಅದನ್ನ ಗಿಡ್ಡಕ್ಕೇ ಕತ್ತರಿಸಿ ಗಾಜಿನ ಜಾರ್‌ನಲ್ಲಿ ಒತ್ತಾಗಿ ಇಟ್ಟಿದ್ದೆ, ಬೆಳೆದು ಬಗ್ಗಿದ್ದೂ ಚೆಂದಾನೇ ಕಾಣ್ತು. ಕೊಂಬೆಗಳನ್ನ ಮೊಗ್ಗು ದಪ್ಪ ಆಗಿರೋವಾಗ್ಲೇ ಕಡಿದು ತಂದು ಬೆಚ್ಚಗಿನ ರೂಮಲ್ಲಿ ನೀರಿಗೆ ಹಾಕಿದ್ರೆ ಮರದಲ್ಲಿ ಅರಳೋಕೆ ಮುಂಚೇನೇ ಮನೇಲಿ ಅರಳತ್ತೆ, ಜಾತಿ ನೋಡ್ಕೊಂಡು ಒಂದರಿಂದ ಮೂರು ವಾರ ಹಿಡಿಯತ್ತೆ. ನೀರಿನ ಮಟ್ಟದ ಕೆಳಗಿರೋ ಎಲೆ ಎಲ್ಲಾ ಕಿತ್ತು ಹಾಕೋದು ಮಾತ್ರ ಮರೀಬೇಡಿ, ಕೊಳೆತು ನಾರತ್ತೆ.

ಕೇಕ್ ಮೇಲೆ ಹೂವು ಇಡೋ ಫ್ಯಾಶನ್ ಬಗ್ಗೆ ಮಾತ್ರ ನಾನು ಸ್ವಲ್ಪ ಗಟ್ಟಿ ಗಂಟಲಲ್ಲಿ ಹೇಳ್ತೀನಿ. ಬೇಕರಿಯವರು ಸಣ್ಣ ಬಿಳಿ ಗಂಟೆ ಥರದ ಲಿಲಿ ಆಫ್ ದ ವ್ಯಾಲಿ ಇಟ್ಟಿರೋ ಕೇಕಿನ ಫೋಟೋ ತೋರಿಸಿದ್ರು, ನೋಡಕ್ಕೆ ಮುದ್ದಾಗಿತ್ತು, ಆದ್ರೆ ಆ ಗಿಡ ಪೂರ್ತಿ ವಿಷ, ಹೃದಯದ ಬಡಿತಕ್ಕೇ ಏಟು ಕೊಡತ್ತೆ. ಡ್ಯಾಫೋಡಿಲ್ಲೂ ತಿನ್ನೋ ಹೂವಲ್ಲ. ಹೂವಿನ ಅಂಗಡಿಯಿಂದ ತಂದಿದ್ದು ಗುಲಾಬಿನೇ ಆದ್ರೂ ಅದಕ್ಕೆ ಏನು ಔಷಧಿ ಹೊಡೆದಿರ್ತಾರೋ ಯಾರಿಗೆ ಗೊತ್ತು. ತಿನ್ನಕ್ಕೆ ಅಂತಲೇ ಬೆಳೆದಿರೋ ಪ್ಯಾನ್ಸಿ ಸಿಕ್ರೆ ಇಡಿ, ಇಲ್ಲಾಂದ್ರೆ ಕ್ರೀಮ್‌ನಲ್ಲೇ ಹೂವು ಮಾಡಿಸಿ. ನಾನು ಕ್ರೀಮ್‌ನಲ್ಲೇ ಮಾಡಿಸ್ದೆ.

ಬಣ್ಣದ ವಿಚಾರ ಚಿಕ್ಕದಾಗಿ ಹೇಳಿ ಮುಗಿಸ್ತೀನಿ. ಎಲ್ಲಾ ತಿಳಿ ಬಣ್ಣನೇ ಹಾಕಿದ್ರೆ ಫೋಟೋದಲ್ಲಿ ಒಗೆದು ಒಣಗಿಸಿದ ಹಾಗೆ ಪೇಲವ ಕಾಣತ್ತೆ. ಬೆಣ್ಣೆ ಹಳದಿ, ತಿಳಿ ಪೀಚ್ ಇಟ್ಕೊಂಡು ಅದ್ರ ನಡುವೆ ಕಡು ಹಸಿರು ಎಲೆ ಧಾರಾಳವಾಗಿ ತುಂಬಿದ್ವಿ. ಮಗು ಹೆಣ್ಣೋ ಗಂಡೋ ಅನ್ನೋ ಗೊಡವೆನೇ ಇಲ್ಲ, ಹಸಿರು ಹಳದಿ ಎಲ್ಲಾರಿಗೂ ಆಗತ್ತೆ. ಬಲೂನು ನಾನು ಹಾಕ್ಲಿಲ್ಲ. ಹೀಲಿಯಂ ತುಂಬಿದ ಮಾಮೂಲಿ 11 ಇಂಚಿನ ರಬ್ಬರ್ ಬಲೂನು 12ರಿಂದ 20 ಗಂಟೆ ತೇಲಿದ್ರೆ ಹೆಚ್ಚು, ಬಿಸಿಲಿಗೆ ಪಟಪಟ ಒಡೆಯತ್ತೆ, ಒಡೆದ ಚೂರನ್ನ ಬಂದಿರೋ ಚಿಕ್ಕ ಮಕ್ಕಳು ಬಾಯಿಗೆ ಹಾಕ್ಕೊಂಡ್ರೆ ಉಸಿರು ಕಟ್ಟತ್ತೆ.

ಹೊರಗಡೆ ಗಾರ್ಡನ್‌ನಲ್ಲಿ ಮಾಡೋಣ ಅಂತ ನಾದಿನಿ ಗಂಡನಿಗೆ ಆಸೆ. ವಸಂತದ ಹವಾ ನಂಬಕ್ಕಾಗಲ್ಲ, ಬಿಸಿಲು ಅನ್ನೋಷ್ಟ್ರಲ್ಲಿ ಗಾಳಿ, ಗಾಳಿ ಅನ್ನೋಷ್ಟ್ರಲ್ಲಿ ಮಳೆ, ಜೊತೆಗೆ ಮರಗಳ ಪರಾಗ ಗಾಳಿಲಿ ತುಂಬಿರೋ ಕಾಲನೂ ಅದೇ, ಅಲರ್ಜಿ ಇರೋರು ಸೀನಿ ಸೀನಿ ಸಾಕಾಗ್ತಾರೆ. ಅದಕ್ಕೆ ಕೂರೋದು, ಊಟ ಎಲ್ಲಾ ಒಳಗೆ ಇಟ್ಕೊಂಡು ಬಾಗಿಲು ತೆರೆದಿಟ್ವಿ, ಹೊರಗೆ ಒಂದೇ ಒಂದು ಮೇಜು.

ಆ ಮೇಜಿನ ಮೇಲೆ ಇದ್ದಿದ್ದು ಬೀಜ ನೆಡೋ ಕೆಲಸ, ನಮ್ಮ ಪ್ರೋಗ್ರಾಮಲ್ಲಿ ಎಲ್ರಿಗೂ ಜಾಸ್ತಿ ಹಿಡಿಸಿದ್ದು ಇದೇ. ಬಂದವರೆಲ್ಲ ಒಂದೊಂದು ಸಣ್ಣ ಕುಂಡ ತಗೊಂಡು ಮಣ್ಣು ತುಂಬಿ ಚೆಂಡು ಹೂವಿನ ಬೀಜ ಹಾಕಿ ಮೇಲೆ ತಮ್ಮ ಹೆಸರು ಬರೆದು ಮನೆಗೆ ತಗೊಂಡು ಹೋಗೋದು, ಅದೇ ರಿಟರ್ನ್ ಗಿಫ್ಟ್. ಚೆಂಡು ಹೂವು ಯಾಕಂದ್ರೆ ಸಾಮಾನ್ಯವಾಗಿ ಒಂದು ವಾರದ ಹೊತ್ತಿಗೆ ಮೊಳಕೆ ಬರತ್ತೆ, ಕೈಗುಣ ಇಲ್ದೇ ಇರೋರಿಗೂ ಬರತ್ತೆ. ಆದ್ರೆ ಬಸುರಿ ಬರಿಗೈಲಿ ಮಣ್ಣು ಮುಟ್ಟಬಾರ್ದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಕ್ಕು ಗಲೀಜು ಮಾಡಿರೋ ಮಣ್ಣಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಇರ್ಬೋದು, ಬಸುರಿಗೆ ಅದು ಹೊಸದಾಗಿ ತಗಲಿದ್ರೆ ಹೊಟ್ಟೆಲಿರೋ ಮಗುಗೂ ಹೋಗ್ಬೋದು. ಬೆಕ್ಕು ಗಲೀಜು ಮಾಡೋ ಡಬ್ಬ ಕ್ಲೀನ್ ಮಾಡೋದನ್ನ ಅವಳ ಗಂಡ ಮೊದಲಿಂದಾನೂ ತಾನೇ ವಹಿಸ್ಕೊಂಡಿದ್ದ ಇದೇ ಕಾರಣಕ್ಕೆ. ಹಾಗಾಗಿ ತೋಟದ ಮಣ್ಣು ಬಿಟ್ಟು ಚೀಲದಲ್ಲಿ ಬರೋ ಹೊಸ ಪಾಟಿಂಗ್ ಮಿಕ್ಸ್ ತಂದೆ, ಧೂಳು ಏಳ್ದೇ ಇರ್ಲಿ ಅಂತ ಹಿಂದಿನ ದಿನಾನೇ ನೀರು ಚಿಮುಕಿಸಿ ಕಲಸಿಟ್ಟೆ, ಅವಳಿಗೆ ಗ್ಲೌಸ್ ಕೊಟ್ಟೆ. ಹೂವಿನ ಚಿತ್ರ ಇರೋ ಗ್ಲೌಸೇ ತಂದಿದ್ರಿಂದ ಅದೂ ಥೀಮ್ ಒಳಗೇ ಸೇರ್ಕೊಳ್ತು.

ಜೇನಿನ ಪುಟ್ಟ ಬಾಟ್ಲಿ ಕೊಡೋಣ ಅಂತ ಇನ್ನೊಂದು ಸಲಹೆ ಬಂದಿತ್ತು, ಜೇನುಹುಳದ ಥೀಮ್ ಜೊತೆ ಜನ ಕೊಡ್ತಾರೆ. ದೊಡ್ಡೋರಿಗೆ ಏನೂ ತೊಂದ್ರೆ ಇಲ್ಲ, ಆದ್ರೆ ಒಂದು ವರ್ಷ ತುಂಬದ ಮಗುಗೆ ಜೇನು ನೆಕ್ಕಿಸಬಾರ್ದು, ಬಾಟುಲಿಸಂ ಅನ್ನೋ ಕಾಯಿಲೆ ಬರ್ಬೋದು. ಮಗುವಿನ ಹೆಸರಲ್ಲಿ ಕೊಡೋ ಬಾಟ್ಲಿ, ನಾಳೆ ಯಾರಾದ್ರೂ ಅದನ್ನೇ ಒಂದು ಹನಿ ಬಾಯಿಗೆ ಇಟ್ರೆ? ಕೊಡೋದೇ ಆದ್ರೆ ಮೇಲೆ ಸ್ಪಷ್ಟವಾಗಿ ಬರೆದು ಕೊಡಿ.

ಊಟದಲ್ಲಿ ನಾನು ಮೆನುಗಿಂತ ಟೈಮ್ ಬಗ್ಗೆ ಜಾಸ್ತಿ ಯೋಚ್ನೆ ಮಾಡ್ದೆ. ಪಾಶ್ಚರೀಕರಿಸದ ಹಾಲಿನ ಮೆತ್ತನೆ ಚೀಸ್, ಬೇಯಿಸದ ಮೊಳಕೆ ಕಾಳು, ಹಸಿ ಮೊಟ್ಟೆ ಹಾಕಿದ ಕ್ರೀಮು ಇವು ಮೇಜಿನ ಮೇಲೇ ಬರ್ಲಿಲ್ಲ. ಅವಳಿಗೆ ಬೇರೆ ತಟ್ಟೆ ಮಾಡಿ ಉಳಿದವರಿಗೆ ಎಲ್ಲಾ ಇಡೋದು ನಂಗೆ ಸರಿ ಅನ್ಸಲ್ಲ, ಅವಳ ಫಂಕ್ಷನ್‌ನಲ್ಲಿ ಅವಳೇ ಕೇಳಿ ಕೇಳಿ ತಿನ್ನೋ ಹಾಗೆ ಆಗತ್ತೆ. ಊಟದಿಂದ ಬರೋ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಬಸುರಿಯರಿಗೆ ತಗಲೋ ಸಾಧ್ಯತೆ ಬೇರೆಯವರಿಗಿಂತ ಸುಮಾರು 10 ಪಟ್ಟು ಹೆಚ್ಚು ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳತ್ತೆ, ಅದು ಫ್ರಿಜ್ ಒಳಗೂ ಬೆಳೆಯೋ ಜಾತಿ. ಮಾಡಿದ ಅಡುಗೆ ಹೊರಗೆ ಎರಡು ಗಂಟೆ ಮೀರಬಾರ್ದು, ಸೆಕೆ 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಅದಕ್ಕೆ ದೊಡ್ಡ ಪಾತ್ರೆಲಿ ಒಂದೇ ಸಲ ಇಡ್ದೆ ಸಣ್ಣ ಸಣ್ಣ ತಟ್ಟೆಲಿ ಖಾಲಿ ಆದ ಹಾಗೆ ತಂದು ಇಟ್ವಿ. ಹೊರಟಾಗ ಉಳಿದಿದ್ದನ್ನ ಕಟ್ಟಿಕೊಡೋ ಅಭ್ಯಾಸ ಇರೋರಿಗೆ ಇದು ಇನ್ನೂ ಮುಖ್ಯ.

ಆಟಗಳ ಬಗ್ಗೆ ನಾನು ಕಟ್ಟುನಿಟ್ಟು. ಹೊಟ್ಟೆ ಸುತ್ತಳತೆ ಎಷ್ಟು ಅಂತ ದಾರ ಕತ್ತರಿಸಿ ಊಹೆ ಮಾಡೋ ಆಟ ಬೇಡ ಅಂತ ಮೊದಲೇ ಹೇಳಿದ್ದೆ, ನಗು ಬರ್ಬೋದು, ಆದ್ರೆ ಆ ತಿಂಗಳಲ್ಲಿ ಮೈ ಬಗ್ಗೆ ಯಾರು ಏನಂದ್ರೂ ಒಳಗೆ ಚುಚ್ಚತ್ತೆ. ಮುಂದಿನದು ಯಾರದ್ದು, ನಿಂದ್ಯಾವಾಗ ಅಂತ ಕೇಳೋ ಆಟವೂ ಬೇಡ. ಬಂದವರಲ್ಲಿ ಯಾರಿಗೆ ಮಗು ಆಗಿಲ್ಲ, ಯಾರು ಮಗು ಕಳ್ಕೊಂಡಿದಾರೆ ಅನ್ನೋದು ನಮಗೆ ಎಲ್ಲಾ ಗೊತ್ತಿರಲ್ಲ. ಹತ್ತಿರದ ಒಬ್ಬರಿಗೆ ಇಂಥ ನೋವಿತ್ತು, ಅವರಿಗೆ ಫೋನ್ ಮಾಡಿ "ಬರಲೇಬೇಕು ಅಂತಿಲ್ಲ, ಬಂದ್ರೂ ಸಂತೋಷ, ಬರ್ದಿದ್ರೂ ಬೇಜಾರಿಲ್ಲ" ಅಂತ ಮೊದಲೇ ಹೇಳಿದೆ. ಅವರು ಬಂದ್ರು, ಬೀಜ ನೆಡೋ ಮೇಜಿನ ಹತ್ರ ನಿಂತು ಎಲ್ರಿಗೂ ಮಣ್ಣು ತುಂಬಿ ಕೊಡ್ತಾ ಇದ್ರು.

ಗಿಫ್ಟ್ ಏನು ತರೋಣ ಅಂತ ಕೇಳಿದವರಿಗೆಲ್ಲ ನಾನು ಒಂದು ಲೆಕ್ಕ ಹೇಳ್ತಿದ್ದೆ. ಜೂನ್‌ನಲ್ಲಿ ಹುಟ್ಟೋ ಮಗುಗೆ ಡಿಸೆಂಬರ್‌ಗೆ ಆರು ತಿಂಗಳು, ಅಂದ್ರೆ ಬೇಸಿಗೆ ಬಟ್ಟೆ ಚಿಕ್ಕ ಸೈಜಲ್ಲಿ ಬೇಕು, ಬೆಚ್ಚನೆ ಬಟ್ಟೆ 6ರಿಂದ 9 ತಿಂಗಳ ಸೈಜಲ್ಲಿ ಬೇಕು. ದಕ್ಷಿಣ ಗೋಳಾರ್ಧದಲ್ಲಿ ಅಕ್ಟೋಬರ್‌ನಲ್ಲಿ ಶವರ್ ಮಾಡೋರಿಗೂ ಇದೇ ಲೆಕ್ಕ, ತಿಂಗಳ ಹೆಸರು ಮಾತ್ರ ಬೇರೆ. ಇದು ಹೇಳ್ದೇ ಇದ್ರೆ ಎಲ್ರೂ ಹೂವಿನ ಚಿತ್ರದ ತೆಳು ಫ್ರಾಕ್‌ನ ನ್ಯೂಬಾರ್ನ್ ಸೈಜಲ್ಲೇ ತರ್ತಾರೆ, ಮಗು ಅದನ್ನ ಒಂದೆರಡು ಸಲ ಹಾಕೋದ್ರೊಳಗೆ ಬೆಳೆದ್ಬಿಡತ್ತೆ. ತೊಟ್ಟಿಲಿಗೆ ಮೆತ್ತನೆ ದಿಂಬು, ಸುತ್ತ ಕಟ್ಟೋ ಬಂಪರ್ ಅನ್ನೋ ಮೆತ್ತೆ ತರ್ಬೇಡಿ ಅಂತಲೂ ಹೇಳಿದ್ದೆ. ಮಗು ಮಲಗೋ ಜಾಗ ಗಟ್ಟಿಯಾಗಿ, ಸಮತಟ್ಟಾಗಿ, ಖಾಲಿಯಾಗಿ ಇರ್ಬೇಕು, ಅಮೆರಿಕದಲ್ಲಿ 2022ರಲ್ಲಿ ಕಾನೂನು ತಂದು ಮೆತ್ತೆ ಬಂಪರ್ ಮಾರೋದನ್ನೇ ನಿಲ್ಲಿಸಿದಾರೆ.

ಗಿಫ್ಟ್ ಬಿಚ್ಚೋವಾಗ ಒಂದು ಕೆಲಸ ಒಬ್ರಿಗೆ ವಹಿಸ್ಬಿಡಿ, ಪ್ರತಿ ಗಿಫ್ಟ್ ಪಕ್ಕ ಅದ್ರ ಕಾರ್ಡ್ ಇಟ್ಟು ಮೊಬೈಲ್‌ನಲ್ಲಿ ಒಂದೊಂದು ಫೋಟೋ. ಪುಸ್ತಕದಲ್ಲಿ ಬರ್ಕೊಳ್ಳೋದೆಲ್ಲ ಗಲಾಟೆಲಿ ಆಗಲ್ಲ. ಎಲ್ಲಾ ಅಲ್ಲೇ ಬಿಚ್ಚಬೇಕು ಅಂತಲೂ ಇಲ್ಲ, ನಾದಿನಿ ಅರ್ಧ ಬಿಚ್ಚೋ ಹೊತ್ತಿಗೆ "ಸಾಕು ಅತ್ತಿಗೆ, ಸೊಂಟ ನೋಯ್ತಿದೆ" ಅಂದ್ಲು, ಉಳಿದಿದ್ದನ್ನ ಹಾಗೇ ಕಾರಿಗೆ ಹಾಕಿ ಕಳಿಸಿದ್ವಿ. ಥ್ಯಾಂಕ್ಸ್ ಮೆಸೇಜ್‌ಗಳನ್ನ ಆ ಫೋಟೋ ನೋಡ್ಕೊಂಡು ಅವಳ ಗಂಡನೇ ಕಳಿಸಿದ್ದು.