ದುಬೈಯಲ್ಲಿ ಮೊದಲ ದಿನ: ಕ್ರೀಕ್‌ನ ಎರಡೂ ದಡಗಳನ್ನು ನಡೆದು ನೋಡುವ ಬಗೆ

ಮಂಗಳೂರಿನಿಂದ ನೇರ ವಿಮಾನವಿರುವುದರಿಂದ ನಮ್ಮ ಕರಾವಳಿಯ ಅನೇಕರಿಗೆ ಮೊದಲ ವಿದೇಶ ಪ್ರಯಾಣವೆಂದರೆ ದುಬೈಯೇ. ಅಲ್ಲಿ ಕೆಲಸದಲ್ಲಿರುವ ಮಗನ ಅಥವಾ ಮಗಳ ಮನೆಗೆ ಹೋದವರನ್ನು ಮರುದಿನವೇ ಕಾರಿನಲ್ಲಿ ಕೂರಿಸಿಕೊಂಡು ಬುರ್ಜ್ ಖಲೀಫಾ ಮತ್ತು ದೊಡ್ಡ ಮಾಲ್‌ಗಳನ್ನು ತೋರಿಸಿ ತರುವುದು ರೂಢಿಯಾಗಿದೆ. ಅವೆಲ್ಲವನ್ನೂ ಮುಂದಿನ ದಿನಗಳಿಗೆ ಬಿಟ್ಟು, ಮೊದಲ ದಿನವನ್ನು ಹಳೆಯ ದುಬೈಯ ನಡುವೆ ಚಾಚಿರುವ ಕಡಲ ಕವಲಾದ ಕ್ರೀಕ್‌ನ ಆಸುಪಾಸಿನಲ್ಲಿ ಕಾಲ್ನಡಿಗೆಗೆ ಮೀಸಲಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಸ್ತೆ ದಾಟುವುದು, ಮೆಟ್ರೋ ಹತ್ತುವುದು, ದಿರ್ಹಂ ಲೆಕ್ಕ ಹಾಕುವುದು, ಇವೆಲ್ಲವೂ ಆ ಒಂದು ದಿನದಲ್ಲಿ ರೂಢಿಯಾಗುತ್ತವೆ. ಆಮೇಲೆ ಯಾರನ್ನೂ ಕಾಯದೆ ನೀವೇ ಓಡಾಡಬಹುದು.

ಇಂಥ ನಡಿಗೆಗೆ ನವೆಂಬರಿನಿಂದ ಮಾರ್ಚ್‌ವರೆಗಿನ ಅವಧಿ ಹಿತಕರ. ಬೇಸಗೆಯಲ್ಲಿ ಅಲ್ಲಿನ ತಾಪಮಾನ 40 ಡಿಗ್ರಿಯನ್ನು ದಾಟುವುದರಿಂದ, ಮಂಗಳೂರಿನ ಸೆಕೆಯನ್ನು ತಾಳಿಕೊಂಡವರು ಕೂಡ ಆಗ ಹಗಲಿನಲ್ಲಿ ನಡೆಯುವ ಯೋಚನೆಯನ್ನು ಬಿಡುವುದು ಒಳ್ಳೆಯದು. ದುಬೈಯ ಸಮಯ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಇಲ್ಲಿ ಬೆಳಗ್ಗೆ 6ಕ್ಕೆ ಏಳುವವರಿಗೆ ಅಲ್ಲಿ ನಾಲ್ಕೂವರೆಗೇ ಎಚ್ಚರವಾಗುತ್ತದೆ. ಮತ್ತೆ ಮಲಗಲು ಒದ್ದಾಡುವ ಬದಲು ತಿಂಡಿ ಮುಗಿಸಿ 7ರ ಸುಮಾರಿಗೆ ಹೊರಟರೆ ತಂಪು ಹೊತ್ತಿನಲ್ಲೇ ಅರ್ಧ ದಾರಿ ಸಾಗಿರುತ್ತದೆ. ಭಾನುವಾರ ಮಾತ್ರ ಮೆಟ್ರೋ 8ಕ್ಕೆ ಆರಂಭವಾಗುವುದರಿಂದ ಆ ದಿನವಾದರೆ ಸ್ವಲ್ಪ ತಡವಾಗಿ ಹೊರಡಿ.

ಮೆಟ್ರೋ ನಿಲ್ದಾಣದಲ್ಲಿ ನೋಲ್ ಎಂಬ ಪ್ರಯಾಣದ ಕಾರ್ಡ್ ಕೊಳ್ಳಬೇಕು. ಬೆಳ್ಳಿ ಬಣ್ಣದ ಕಾರ್ಡಿಗೆ 25 ದಿರ್ಹಂ; ಅದರಲ್ಲಿ 19 ದಿರ್ಹಂ ಪ್ರಯಾಣಕ್ಕೆ ಸಿಗುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ಭಾಗವಿರುವುದರಿಂದ ಗಂಡಸರು ಬೋಗಿಯ ಸೂಚನೆಗಳನ್ನು ನೋಡಿ ನಿಲ್ಲಬೇಕು. ರೈಲಿನೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ. ದಂಡ 100 ದಿರ್ಹಂ. ಗ್ರೀನ್ ಲೈನಿನ ಅಲ್ ಘುಬೈಬಾದಲ್ಲಿ ಇಳಿದರೆ ಕ್ರೀಕ್ ಹತ್ತಿರದಲ್ಲೇ ಇದೆ.

ಮಂಗಳೂರಿನಲ್ಲಿ ನಮಗೆ ದಾರಿ ತೋರಿಸುವುದು ಏರು ಮತ್ತು ಇಳಿಜಾರು. ಕದ್ರಿ ಗುಡ್ಡ ಎತ್ತ, ಬಂದರು ಎತ್ತ ಎಂಬುದು ಹಂಪನಕಟ್ಟೆಯಲ್ಲಿ ನಿಂತರೆ ಕಾಲಿಗೇ ತಿಳಿಯುತ್ತದೆ. ದುಬೈ ಚಪ್ಪಟೆ ಊರಾದ್ದರಿಂದ ಈ ಆಧಾರ ಅಲ್ಲಿ ಸಿಗದು. ಅದರ ಬದಲು ನೀರನ್ನು ಗುರುತಾಗಿ ಇಟ್ಟುಕೊಳ್ಳಿ. ಕ್ರೀಕ್‌ನ ಪಡುವಣ ದಡ ಬುರ್ ದುಬೈ, ಮೂಡಣ ದಡ ಡೇರಾ. ಗಲ್ಲಿಗಳಲ್ಲಿ ದಿಕ್ಕು ತಪ್ಪಿದಾಗ ನೀರಿನ ಕಡೆಗೆ ಹೊರಬಂದರೆ ಸಾಕು, ಎಲ್ಲಿದ್ದೀರೆಂದು ಗೊತ್ತಾಗುತ್ತದೆ. ಮ್ಯಾಪನ್ನು ವೈಫೈ ಇರುವಲ್ಲೇ ಫೋನಿಗೆ ಇಳಿಸಿಕೊಂಡಿರಿ.

ಇನ್ನು ರಸ್ತೆ ದಾಟುವ ವಿಚಾರ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ನಾವು ಜನ್ಮಪೂರ್ತಿ ಮೊದಲು ಬಲಕ್ಕೆ ನೋಡಿ ಕಾಲಿಟ್ಟವರು. ಅಲ್ಲಿ ವಾಹನ ಮೊದಲು ಬರುವುದು ಎಡದಿಂದ. ಆದ್ದರಿಂದ ಪ್ರತಿ ಸಲವೂ ಪೂರ್ತಿ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೊಮ್ಮೆ ಎಡಕ್ಕೆ ನೋಡಬೇಕು. ಗುರುತು ಮಾಡದ ಕಡೆ ರಸ್ತೆ ದಾಟಿದರೆ 400 ದಿರ್ಹಂ ದಂಡವಿದೆ. ಸಿಗ್ನಲ್ ಕಂಬದಲ್ಲಿ ಗುಂಡಿಯಿದ್ದರೆ ಅದನ್ನು ಒತ್ತಿ, ಹಸಿರು ಬರುವವರೆಗೆ ಕಾಯಿರಿ. ಹಿರಿಯರು ಜೊತೆಯಲ್ಲಿದ್ದರೆ ಅವರ ಕೈ ಹಿಡಿದೇ ದಾಟಿಸಿ.

ಬೆಳಗಿನ ಹೊತ್ತಿಗೆ ತಕ್ಕುದು ಅಲ್ ಫಹೀದಿಯ ಹಳೆಯ ಕೇರಿ. ಇರಾನಿನ ಬಸ್ತಕ್ ಪ್ರದೇಶದಿಂದ ಬಂದ ವರ್ತಕರು 19ನೆಯ ಶತಮಾನದ ಕೊನೆಯ ಹೊತ್ತಿಗೆ ನೆಲೆಸಿದ ಜಾಗವಿದು. ಹವಳದ ಕಲ್ಲು ಮತ್ತು ಜಿಪ್ಸಮ್ ಗಾರೆಯಿಂದ ಕಟ್ಟಿದ ಮನೆಗಳ ಮೇಲೆ ಚೌಕಾಕಾರದ ಗೋಪುರಗಳು ನಿಂತಿವೆ. ಒಂದು ಗೋಪುರದ ಕೆಳಗೆ ನಿಂತು ತಲೆಯೆತ್ತಿ ನೋಡಿ: ನಾಲ್ಕೂ ಬದಿ ತೆರೆದಿರುವ ಅದು ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಹಿಡಿದು ಕೋಣೆಗೆ ಇಳಿಸುತ್ತದೆ, ಒಳಗಿನ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ವಿದ್ಯುತ್ತಿಲ್ಲದ ಕಾಲದಲ್ಲಿ ಆ ಬಿಸಿಲಿನಲ್ಲಿ ಜನ ಹೇಗೆ ಬದುಕಿದರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗಲಾರದು. ಇಲ್ಲಿ ಅವಸರ ಮಾಡಬೇಡಿ. ಸನಿಹದಲ್ಲೇ ಸುಮಾರು 1787ರಲ್ಲಿ ಕಟ್ಟಿದ ಅಲ್ ಫಹೀದಿ ಕೋಟೆಯಿದೆ. ಅಲ್ಲಿಂದ ಬಟ್ಟೆ ಅಂಗಡಿಗಳ ಸೂಕ್ (ಮಾರುಕಟ್ಟೆ) ಮೂಲಕ ನಡೆದರೆ ದೋಣಿ ಕಟ್ಟೆಗೆ ತಲುಪುತ್ತೀರಿ.

ಕ್ರೀಕ್ ದಾಟಿಸುವ ಮರದ ದೋಣಿಗೆ ಅಬ್ರಾ ಎನ್ನುತ್ತಾರೆ. ಇದಕ್ಕೆ ಒಂದು ದಿರ್ಹಂ ನಾಣ್ಯವನ್ನು ಕೈಯಲ್ಲೇ ಇಟ್ಟುಕೊಳ್ಳಿ. ದೋಣಿಯ ನಡುವೆ ಉದ್ದನೆಯ ಬೆಂಚಿದ್ದು, ಪ್ರಯಾಣಿಕರು ಬೆನ್ನಿಗೆ ಬೆನ್ನು ಕೊಟ್ಟು ನೀರಿಗೆ ಮುಖಮಾಡಿ ಕೂರುತ್ತಾರೆ. ಚಾಲಕನು ಮಧ್ಯದ ತಗ್ಗಿನಲ್ಲಿ ನಿಂತು ನಡೆಸುತ್ತಾನೆ. ಹತ್ತುವಾಗ ಕಟ್ಟೆಗೂ ದೋಣಿಗೂ ನಡುವಿನ ಸಂದಿಯನ್ನು ನೋಡಿಕೊಳ್ಳಿ, ಫೋನನ್ನು ಕಿಸೆಗೆ ಹಾಕಿರಿ. ಡೇರಾ ಓಲ್ಡ್ ಸೂಕ್‌ಗೆ ಹೋಗುವ ದೋಣಿಯೇ ಎಂದು ಕೇಳಿ ಹತ್ತಿದರೆ, ಇಳಿದ ಎದುರಿಗೇ ಸಾಂಬಾರ ಪದಾರ್ಥಗಳ ಸೂಕ್ ಸಿಗುತ್ತದೆ. ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ತುಂಬುವ ಮಂಜಿ ಎಂಬ ಮರದ ಹಡಗುಗಳನ್ನು ಕಂಡವರು ಡೇರಾದ ದಡದಲ್ಲಿ ಲಂಗರು ಹಾಕಿರುವ ಮರದ ಹಡಗುಗಳನ್ನು ತಪ್ಪದೆ ನೋಡಬೇಕು.

ಮಧ್ಯಾಹ್ನ ಸುಮಾರು 1ರಿಂದ 4ರವರೆಗೆ ಸೂಕ್‌ನ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ, ಶುಕ್ರವಾರ ಬೆಳಗ್ಗೆಯೂ ಹಾಗೆಯೇ. ಆ ಹೊತ್ತನ್ನು ಊಟಕ್ಕೂ ವಿಶ್ರಾಂತಿಗೂ ಇಟ್ಟುಕೊಂಡು ಸಂಜೆ ಮತ್ತೆ ಹೊರಡಿ. ಒಣಗಿ ಕಪ್ಪಾದ ಲಿಂಬೆ, ಇರಾನಿನ ಕೇಸರಿ, ಗುಲಾಬಿ ಮೊಗ್ಗುಗಳನ್ನು ಮೂಸಿ ನೋಡಿ, ಬೆಲೆ ಕೇಳಿ, ಮುಂದಿನ ಅಂಗಡಿಯಲ್ಲೂ ಕೇಳಿ. ಚಿನ್ನದ ಸೂಕ್‌ನಲ್ಲಿ ಗ್ರಾಂ ದರ ನಿಗದಿಯಾಗಿರುತ್ತದೆ. ಚೌಕಾಶಿಗೆ ಜಾಗವಿರುವುದು ಮಜೂರಿಯಲ್ಲಿ ಮಾತ್ರ. ಮೊದಲ ದಿನ ಏನನ್ನೂ ಕೊಳ್ಳದೆ ದರವನ್ನಷ್ಟೇ ತಿಳಿದು ಬರುವುದು ಜಾಣತನ.

ಎಲೆ-ಅಡಿಕೆ ಹಾಕುವ ಅಭ್ಯಾಸವಿರುವವರು ಅದನ್ನು ಊರಿನಲ್ಲೇ ಬಿಟ್ಟು ಹೊರಡಬೇಕು. ಅಲ್ಲಿ ಪಾನ್ ನಿಷಿದ್ಧ, ಗಸಗಸೆಯೂ ನಿಷಿದ್ಧ. ಅಪರಿಚಿತರ, ಅದರಲ್ಲೂ ಹೆಂಗಸರ ಫೋಟೋವನ್ನು ಕೇಳದೆ ತೆಗೆಯಬಾರದು. ವಾಟ್ಸ್‌ಆ್ಯಪ್ ಕರೆ ಅಲ್ಲಿ ಸಾಮಾನ್ಯವಾಗಿ ಕೆಲಸ ಮಾಡದ ಕಾರಣ, ಸಂದೇಶ ಮಾತ್ರ ಕಳುಹಿಸುತ್ತೇವೆಂದು ಮನೆಯವರಿಗೆ ಮೊದಲೇ ತಿಳಿಸಿಟ್ಟರೆ ಅವರು ಗಾಬರಿಯಾಗುವುದಿಲ್ಲ. ಹಿಂದಿರುಗಲು ಸೂಕ್‌ಗಳ ಹತ್ತಿರದ ಅಲ್ ರಾಸ್ ನಿಲ್ದಾಣಕ್ಕೆ ಬನ್ನಿ. ಅಲ್ಲಿಂದ ಮೆಟ್ರೋ ಕ್ರೀಕ್‌ನ ಅಡಿಯಿಂದ ಸಾಗಿ ಮುಂದಿನ ನಿಲ್ದಾಣವಾದ ಅಲ್ ಘುಬೈಬಾ ತಲುಪುತ್ತದೆ.