ಹೊಸ ಆನ್‌ಲೈನ್ ಗೇಮ್ ಕಟ್ಟುತ್ತಿದ್ದೀರಾ? ಕ್ವೆಸ್ಟ್ ಮತ್ತು ಪಿವಿಪಿಯನ್ನು ಹೀಗೆ ಬೆಸೆಯಿರಿ

ಆನ್‌ಲೈನ್ ಫ್ಯಾಂಟಸಿ ಗೇಮ್ ಕಟ್ಟಲು ಹೊರಟವರಿಗೆ ಒಳ್ಳೆ ಕಥೆಯ ಕ್ವೆಸ್ಟ್‌ಗಳೂ (ಆಟಗಾರನಿಗೆ ಒಪ್ಪಿಸುವ ಕೆಲಸಗಳು) ಬೇಕು, ಆಟಗಾರರು ಒಬ್ಬರ ಮೇಲೊಬ್ಬರು ಬೀಳುವ ಪಿವಿಪಿಯೂ ಬೇಕು. ಎರಡನ್ನೂ ಒಂದೇ ಬಯಲಿಗೆ ತಂದು ಬಿಟ್ಟರೆ ತಾವಾಗಿ ಬೆರೆಯುವುದಿಲ್ಲ. ನಾನು ವರ್ಷಗಟ್ಟಲೆ ಕಥೆಗೋಸ್ಕರವೇ ಇಂಥ ಗೇಮ್ ಆಡಿದವನು. ಒಬ್ಬ ಎನ್‌ಪಿಸಿ (ಗೇಮೇ ನಡೆಸುವ ಪಾತ್ರ) ಅಜ್ಜಿ ತನ್ನ ಮಗ ಹೇಗೆ ಕಾಣೆಯಾದ ಅಂತ ಹೇಳುತ್ತಿರುವಾಗ ದೊಡ್ಡ ಲೆವೆಲ್‌ನ ಯಾರೋ ಹಿಂದಿನಿಂದ ಬಂದು ಹೊಡೆದು ಹಾಕಿದರೆ, ಆಮೇಲೆ ಆ ಅಜ್ಜಿಯ ಮಾತು ಕೇಳುವ ಮನಸ್ಸೇ ಇರುವುದಿಲ್ಲ.

ಹಾಗಾಗಿ ಕೋಡ್ ಬರೆಯುವ ಮೊದಲೇ ಒಂದು ನಿಯಮ ಹಾಕಿಕೊಳ್ಳಿ: ಕಾಳಗದ ಸೋಲು ಗೆಲುವು ಕಥೆಯ ದಾರಿ ಬದಲಿಸಬಹುದು, ಕಥೆಯನ್ನು ನಿಲ್ಲಿಸಬಾರದು.

ಒಂದು ಕ್ವೆಸ್ಟ್ ತೆಗೆದುಕೊಳ್ಳೋಣ. ಎರಡು ಊರು, ನಡುವೆ ಒಂದು ಕಣಿವೆ. ಬರ ಬಂದ ಊರಿಗೆ ಜೋಳದ ಗಾಡಿ ಹೋಗಬೇಕು. ಒಂದು ಪಕ್ಷಕ್ಕೆ ಗಾಡಿ ಕಾಯುವ ಕ್ವೆಸ್ಟ್ ಕೊಡಿ, ಇನ್ನೊಂದು ಪಕ್ಷಕ್ಕೆ ತಡೆಯುವ ಕ್ವೆಸ್ಟ್. ಆದರೆ ತಡೆಯುವವರಿಗೂ ಅವರದೇ ಕಾರಣ ಇರಲಿ, ಸುಮ್ನೆ ಕಳ್ಳರನ್ನಾಗಿ ಮಾಡಬೇಡಿ. ಆ ಜೋಳ ತಮ್ಮ ಹೊಲದಿಂದ ಕಿತ್ತುಕೊಂಡದ್ದು ಅಂತ ಅವರ ಕಡೆಯ ಎನ್‌ಪಿಸಿ ಹೇಳಲಿ. ಆಗ ಇಬ್ಬರೂ ನ್ಯಾಯ ನಮ್ಮ ಕಡೆ ಇದೆ ಅಂತಲೇ ಕಣಿವೆಗೆ ಇಳಿಯುತ್ತಾರೆ. ಗಾಡಿ ತಲುಪಿದರೆ ಊರಿನ ಸಂತೆ ತೆರೆಯುತ್ತದೆ. ಲೂಟಿಯಾದರೆ ಸೋತವರಿಗೆ ಬೇರೆ ಕ್ವೆಸ್ಟ್ ಸಿಗಲಿ: ರಾತ್ರಿ ಹೊತ್ತು ಗಾಡಿಯ ಜಾಡು ಹಿಡಿದು ಹೋಗಿ, ಜೋಳ ಎಲ್ಲಿ ಬಚ್ಚಿಟ್ಟಿದ್ದಾರೆ ಅಂತ ಪತ್ತೆ ಮಾಡುವುದು. ಸೋತವನ ಕಥೆಯನ್ನು ಗೆದ್ದವನ ಕಥೆಯಷ್ಟೇ ಪ್ರೀತಿಯಿಂದ ಬರೆಯಿರಿ, ಇದಕ್ಕೆ ಜಾಸ್ತಿ ಸಮಯ ಹೋದರೂ ಪರವಾಗಿಲ್ಲ. ಇನ್ನು ಗಾಡಿ ಹೊರಡುವ ಹೊತ್ತನ್ನು ಮೊದಲೇ ಸಾರಿಬಿಡಿ. ಇಲ್ಲದಿದ್ದರೆ ಕಣಿವೆಯಲ್ಲಿ ಜನವೇ ಇರುವುದಿಲ್ಲ.

ಯಾರು ಕಾಳಗಕ್ಕೆ ಒಪ್ಪಿದ್ದಾರೆ ಅನ್ನುವುದು ಮುಂದಿನ ಪ್ರಶ್ನೆ. ಇದರಲ್ಲಿ ಹಳೆಯ ಗೇಮ್‌ಗಳ ಪಾಠ ದೊಡ್ಡದು. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಊರು ದಾಟಿದರೆ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. 2000ದಲ್ಲಿ ಲೋಕವನ್ನೇ ಎರಡು ಮಾಡಿ, ಟ್ರಾಮೆಲ್ ಎಂಬ ಸುರಕ್ಷಿತ ಕಡೆ ಕೊಟ್ಟಾಗ ಬಹಳಷ್ಟು ಜನ ಅಲ್ಲಿಗೇ ಹೋದರು. ನ್ಯೂ ವರ್ಲ್ಡ್ ಎಂಬ ಗೇಮ್ ಕೂಡ ಮೊದಲು ಎಲ್ಲೆಡೆ ಪಿವಿಪಿ ಅಂತ ಹೊರಟಿತ್ತು. ಪರೀಕ್ಷೆಯಲ್ಲೇ ಬಲಿತವರು ಹೊಸಬರನ್ನು ಬೇಟೆಯಾಡಿದ್ದು ಕಂಡು, 2021ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅದನ್ನು ಆಟಗಾರನ ಆಯ್ಕೆಗೆ ಬಿಟ್ಟರು. ನೀವೂ ಆಯ್ಕೆ ಕೊಡಿ. ಆದರೆ ಪಿವಿಪಿ ಆನ್ ಆಫ್ ಮಾಡುವ ಗುಂಡಿಯನ್ನು ಊರಿನೊಳಗೆ ಮಾತ್ರ ಒತ್ತಲು ಬಿಡಿ, ಇಲ್ಲದಿದ್ದರೆ ಹೊಡೆದು ತಕ್ಷಣ ಆಫ್ ಮಾಡಿಕೊಂಡು ಓಡುವವರೇ ತುಂಬಿಕೊಳ್ಳುತ್ತಾರೆ. ಕಾಳಗ ಬೇಡ ಅಂದವರೂ ಜೋಳದ ಕಥೆಯಲ್ಲಿ ಇರಲಿ. ಗಾಡಿ ರಿಪೇರಿ, ಗಾಯಾಳುಗಳ ಆರೈಕೆ, ಸುದ್ದಿ ಮುಟ್ಟಿಸುವುದು, ಹೀಗೆ ಕೆಲಸಕ್ಕೇನೂ ಕೊರತೆ ಇಲ್ಲ. ಎನ್‌ಪಿಸಿ ಜೊತೆ ಮಾತಾಡುತ್ತಿರುವವರ ಮೇಲೆ ಏಟು ಬೀಳದ ಹಾಗೆ ಮಾಡಿ. ಆದರೆ ಕಾಳಗ ನಡೆಯುತ್ತಿರುವಾಗ ಮಾತುಕತೆ ಶುರುವಾಗಬಾರದು, ಅದನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ.

ಬಹುಮಾನದ ವಿಷಯದಲ್ಲಿ ತುಂಬಾ ಹುಷಾರಾಗಿರಿ, ಯಾಕಂದರೆ ಜನ ಕಥೆ ಎಲ್ಲಿದೆ ಅಂತ ನೋಡುವ ಮೊದಲು ಲಾಭ ಎಲ್ಲಿದೆ ಅಂತ ನೋಡುತ್ತಾರೆ. 2008ರಲ್ಲಿ ಬಂದ ವಾರ್‌ಹ್ಯಾಮರ್ ಆನ್‌ಲೈನ್‌ನಲ್ಲಿ ಬಯಲಿನ ಯುದ್ಧ, ಕೋಟೆ ಮುತ್ತಿಗೆ ಎಲ್ಲ ಇತ್ತು. ಆದರೆ ಸರದಿಯಲ್ಲಿ ಹೆಸರು ಕೊಟ್ಟು ಸೇರುವ ಪುಟ್ಟ ಕಾಳಗಗಳಲ್ಲಿ ಲೆವೆಲ್ ಬೇಗ ಏರುತ್ತಿದ್ದರಿಂದ ಜನ ಅಲ್ಲೇ ಉಳಿದರು, ಬಯಲು ಬಣಗುಟ್ಟಿತು. ನಿಮ್ಮ ಗೇಮ್‌ನಲ್ಲಿ ಎಲ್ಲಕ್ಕಿಂತ ಒಳ್ಳೆ ಬಹುಮಾನ ಕಥೆ ನಡೆಯುವ ಜಾಗದಲ್ಲೇ ಇರಲಿ. ಕೊಂದದ್ದಕ್ಕಿಂತ ಗಾಡಿ ಕಾದದ್ದಕ್ಕೆ, ಸೇತುವೆ ಹಿಡಿದದ್ದಕ್ಕೆ ಜಾಸ್ತಿ ಅಂಕ ಕೊಡಿ. ಒಬ್ಬನನ್ನೇ ಪದೇ ಪದೇ ಕೊಂದರೆ ಅಂಕ ಇಳಿಯುತ್ತಾ ಸೊನ್ನೆಯಾಗಲಿ, ಇಲ್ಲದಿದ್ದರೆ ಇಬ್ಬರು ಗೆಳೆಯರು ಮೂಲೆಯಲ್ಲಿ ನಿಂತು ಸರದಿ ಪ್ರಕಾರ ಸಾಯುತ್ತಿರುತ್ತಾರೆ.

ಸಾಧ್ಯವಾದರೆ ಮೂರನೇ ಪಕ್ಷ ಇಡಿ. 2001ರ ಡಾರ್ಕ್ ಏಜ್ ಆಫ್ ಕ್ಯಾಮೆಲಾಟ್‌ನಲ್ಲಿ ಆಲ್ಬಿಯನ್, ಮಿಡ್‌ಗಾರ್ಡ್, ಹೈಬರ್ನಿಯಾ ಅಂತ ಮೂರು ರಾಜ್ಯಗಳಿದ್ದವು. ಒಂದು ತೀರಾ ಬಲಿತರೆ ಉಳಿದೆರಡು ಸೇರಿ ಅದರ ಮೇಲೆ ಬೀಳಬಹುದು. ಎರಡೇ ಪಕ್ಷ ಇದ್ದರೆ ಜನ ಕಡಿಮೆ ಇರುವ ಕಡೆಗೆ ಎನ್‌ಪಿಸಿ ಕಾವಲುಗಾರರನ್ನು ತುಂಬಿ. ಲೆವೆಲ್ ಅಂತರಕ್ಕೆ ಗಿಲ್ಡ್ ವಾರ್ಸ್ 2ರ ದಾರಿ ನನಗೆ ಇಷ್ಟ: ಅದರ ವರ್ಲ್ಡ್ ವರ್ಸಸ್ ವರ್ಲ್ಡ್ ಎಂಬ ದೊಡ್ಡ ಯುದ್ಧಕ್ಕೆ ಕಾಲಿಟ್ಟರೆ ಹೊಸಬನೂ 80ನೇ ಲೆವೆಲ್‌ಗೆ ಏರುತ್ತಾನೆ.

ಇಷ್ಟಾದ ಮೇಲೂ ನೇರ ಕೋಡ್‌ಗೆ ಇಳಿಯಬೇಡಿ. ಆರು ಗೆಳೆಯರನ್ನು ಕರೆದು, ಕಣಿವೆಯನ್ನು ಕಾಗದದ ಮೇಲೆ ಬರೆದು, ದಾಳ ಹಾಕಿ ಜೋಳದ ಗಾಡಿ ಓಡಿಸಿ ನೋಡಿ. ಆಟ ಮುಗಿದ ಮೇಲೆ ಸೋತ ಮೂವರನ್ನು ಮಾತ್ರ ಕೇಳಿ: ಮುಂದೆ ಏನಾಯಿತು ಅಂತ ತಿಳಿಯಬೇಕು ಅನಿಸುತ್ತಿದೆಯಾ? ಇಲ್ಲ ಅಂದರೆ ಆ ರಾತ್ರಿಯ ಜಾಡಿನ ಕ್ವೆಸ್ಟನ್ನು ಮತ್ತೆ ಬರೆಯಿರಿ.